ಗಾಳಿ ಕಾಣದ ಒಲೆ

ಅಂಗಡಿಯ ಹಿಂದಿನ ಕೋಣೆ
ಮಾರ್ಚ್ 4, ಮಂಗಳವಾರ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಮಂಡಿ ನೋವು ಇಳಿಯಿತೇ, ಇಲ್ಲಾ ಅದನ್ನೂ ಹೊತ್ತುಕೊಂಡೇ ಬೆಟ್ಟ ಹತ್ತುತ್ತಿದ್ದೀಯಾ? ಕಂಡವರನ್ನೆಲ್ಲ ಕರೆದುಕೊಂಡು ಕಾಡುಮೇಡು ಸುತ್ತಿಸುವ ಕೆಲಸ ಹಿಡಿದವಳಿಗೆ ಕಾಲು ಜೋಪಾನ ಅಂತ ನಾನು ಹೇಳಬೇಕೇ? ಅಪ್ಪ ಹಾಗೇ ಇದ್ದಾರೆ. ಬಲಗೈ ಇನ್ನೂ ಏಳುತ್ತಿಲ್ಲ, ಮಾತು ತೊದಲುತ್ತದೆ. ಬೆಳಗ್ಗೆ ಎಬ್ಬಿಸಿ, ಮೈ ಒರೆಸಿ, ಹೊಲಿಗೆ ಯಂತ್ರದ ಪಕ್ಕದ ಕುರ್ಚಿಯಲ್ಲಿ ಕೂರಿಸುತ್ತೇನೆ. ಅಲ್ಲಿಂದಲೇ ನನ್ನ ಹೊಲಿಗೆಯ ಮೇಲೆ ಕಣ್ಣು. ಗುಂಡಿ ತೂರಿಸುವ ಕಾಜಾ ಸೊಟ್ಟಗಾದರೆ ಎಡಗೈಯಿಂದ ಮೇಜು ಕುಟ್ಟುತ್ತಾರೆ. ಮಾತು ಹೋದರೂ ದರ್ಬಾರು ಹೋಗಿಲ್ಲ.

ನಿನ್ನ ಬೈಗುಳದ ಪತ್ರ ತಲುಪಿತು. ನಾನು ಕಳಿಸಿದ ಸ್ಪಿರಿಟ್ ಒಲೆಗಳು ಬೆಟ್ಟದ ಮೇಲೆ ಕೈಕೊಟ್ಟವು, ಬೆಂಕಿ ಅಡ್ಡಡ್ಡ ಮಲಗಿತು, ನಿನ್ನ ತಂಡದವರು ಹಸಿ ನೂಡಲ್ಸ್ ಅಗಿದರು ಅಂತ ಬರೆದಿದ್ದೀಯ. ಓದಿ ಮೊದಲು ನಗು ಬಂತು, ಆಮೇಲೆ ಕೋಪ. ತಂಪು ಪಾನೀಯದ ಎರಡೆರಡು ಡಬ್ಬಿಗಳ ತಳ ಕತ್ತರಿಸಿ, ಒಂದರೊಳಗೊಂದು ತೂರಿಸಿ, ಅಂಚಿನ ಸುತ್ತ ಯಂತ್ರದ ಸೂಜಿಯಿಂದ ತೂತು ಚುಚ್ಚಿ ಮಾಡಿದ ಒಲೆಗಳು ಅವು. ಅಂಗೈಯಲ್ಲಿಟ್ಟರೆ ಇದೆಯೋ ಇಲ್ಲವೋ ಅನ್ನುವಷ್ಟು ಹಗುರ. ಒಂದೊಂದನ್ನೂ ಹಚ್ಚಿ, ನೀರು ಕುದಿಸಿ ನೋಡಿಯೇ ಕಳಿಸಿದ್ದೆ. ಇಲ್ಲಿ ಎಷ್ಟು ಚೆನ್ನಾಗಿ ಉರಿದವು ಗೊತ್ತಾ?

ಆಮೇಲೆ ಹೊಳೆಯಿತು. ನಾನು ಹಚ್ಚಿ ನೋಡಿದ್ದು ಬಚ್ಚಲುಮನೆಯಲ್ಲಿ, ಬಾಗಿಲು ಮುಚ್ಚಿಕೊಂಡು. ಬಟ್ಟೆ ರಾಶಿ ಬಿದ್ದಿರುವ ಅಂಗಡಿಯಲ್ಲಿ ಬೆಂಕಿ ಹಚ್ಚುವ ಹಾಗಿಲ್ಲ, ಅಪ್ಪನನ್ನು ಒಬ್ಬರನ್ನೇ ಬಿಟ್ಟು ತಾರಸಿಗೆ ಹೋಗುವ ಹಾಗೂ ಇಲ್ಲ. ಬೆಟ್ಟದ ಮೇಲೆ ಗಾಳಿ ಬೀಸುತ್ತದೆ ಅನ್ನುವುದೇ ನನ್ನ ತಲೆಗೆ ಬರಲಿಲ್ಲ ಅಕ್ಕಾ. ಬೆಟ್ಟಕ್ಕೆ ಒಲೆ ಮಾಡುವವನಿಗೆ ಗಾಳಿಯೇ ಮರೆತುಹೋಗಿತ್ತು ಅಂದರೆ ನೀನು ನಗಬಹುದು, ನನಗೆ ಅಳು ಬಂತು. ಬಚ್ಚಲು, ಯಂತ್ರ, ಅಪ್ಪನ ಮಂಚ, ಇಷ್ಟರಲ್ಲೇ ಸುತ್ತುತ್ತಿದ್ದೇನೆ. ಹಾಲು ತರಲು ಹೋದರೂ ಓಡಿಹೋಗಿ ಓಡಿಬರುವುದೇ. ಒಮ್ಮೊಮ್ಮೆ ಉಸಿರು ಕಟ್ಟಿದ ಹಾಗಾಗುತ್ತದೆ.

ಈಗ ಒಲೆಯ ಸುತ್ತ ನಿಲ್ಲಿಸಲು ತೆಳು ತಗಡಿನ ಮರೆಯೊಂದನ್ನು ಮಾಡಿದ್ದೇನೆ. ಕತ್ತರಿಸಲು ಕೈಗೆ ಸಿಕ್ಕಿದ್ದು ಅಪ್ಪನ ದೊಡ್ಡ ಕತ್ತರಿ. ನೋಡಿದ್ದೇ ತಡ, "ಅದು ಬಟ್ಟೆ ಕತ್ತರಿ ಕಣೋ, ಕತ್ತೆ!" ಅಂದರು. ಕಾಯಿಲೆ ಬಿದ್ದ ಮೇಲೆ ಅವರ ಬಾಯಿಂದ ಅಷ್ಟು ಸ್ಪಷ್ಟವಾಗಿ ಬಂದ ಮೊದಲ ಮಾತು! ಡಾಕ್ಟರ ಮಾತ್ರೆಗಿಂತ ನನ್ನ ಕತ್ತೆತನವೇ ಚೆನ್ನಾಗಿ ಕೆಲಸ ಮಾಡಿತು. ಇಬ್ಬರೂ ತುಂಬಾ ಹೊತ್ತು ನಕ್ಕೆವು. ಕತ್ತರಿಯಂತೂ ಮೊಂಡಾಗಿದೆ, ಸಾಣೆಗೆ ಕೊಡಬೇಕು.

ನಿನ್ನ ಜೊತೆ ತಂಡ ನಡೆಸುವ ಗೆಳತಿಗೂ ಹೇಳು: ಬಿಸಿಲಲ್ಲಿ ಈ ಬೆಂಕಿ ಕಣ್ಣಿಗೆ ಕಾಣುವುದಿಲ್ಲ. ಆರಿತು ಅಂದುಕೊಂಡು ಮೇಲಿಂದ ಮತ್ತೆ ಸ್ಪಿರಿಟ್ ಸುರಿಯಬೇಡಿ, ಒಲೆ ಪೂರ್ತಿ ತಣ್ಣಗಾಗಲಿ. ಗುಡಾರದೊಳಗೆ ಹಚ್ಚಲೇಬೇಡಿ. ಗದರಿಸುತ್ತಿದ್ದಾನೆ ಅಂದುಕೊಳ್ಳಬೇಡ, ಇರುವವಳು ನೀನೊಬ್ಬಳೇ ಅಕ್ಕ.

ಬಾಯಿ ಬಿಟ್ಟು ಹೇಳಲಾಗದಿದ್ದರೂ ಅಪ್ಪನ ಆಶೀರ್ವಾದ ನಿನ್ನ ಮೇಲಿದ್ದೇ ಇದೆ. ಬೆಚ್ಚಗಿರು, ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ ತಮ್ಮ,
ಗುಂಡ

ಬರೆಯಲು ಮರೆತದ್ದು: ಈ ಪತ್ರದ ಜೊತೆಗಿರುವ ಪೊಟ್ಟಣ ಬಿಚ್ಚಿ ಒಲೆ ಎಲ್ಲಿ ಅಂತ ಹುಡುಕಬೇಡ. ಅದರಲ್ಲಿರುವುದು ಅಂಗಡಿಯ ಬೀಗದ ಕೈ. ಒಲೆ, ಮರೆ ಎರಡೂ ನನ್ನ ಚೀಲದಲ್ಲಿವೆ. ಮುಂದಿನ ತಂಡವನ್ನು ನಿನ್ನ ಗೆಳತಿ ಕರೆದೊಯ್ಯಲಿ, ಅವರ ಜೊತೆ ನಾನು ಹೋಗುತ್ತೇನೆ. ನೀನು ಅಷ್ಟರೊಳಗೆ ಬಂದು ಅಪ್ಪನ ಹತ್ತಿರ ಇರು. ಆಗುವುದಿಲ್ಲ ಅಂತ ಮಾತ್ರ ಬರೆಯಬೇಡ. ಹೆದರಬೇಡ, ಒಂದೇ ಸಲ ಹೋಗಿ ವಾಪಸು ಬಂದುಬಿಡುತ್ತೇನೆ. ನೀನೂ ಮೊದಲ ಸಲ ಬೆಟ್ಟಕ್ಕೆ ಹೋಗುವಾಗ ಹಾಗೆಯೇ ಅಂದಿದ್ದೆ.