ಮಣ್ಣೆತ್ತು ಮತ್ತು ಐನೂರೈವತ್ತು ವ್ಯಾಟ್

ಜೂನ್ 8, ಭಾನುವಾರ. ಅಂಗಡಿ, ಮಧ್ಯಾಹ್ನ

ಶ್ರೀಮದ್ ಅಖಂಡ ಮೂಡಲಗಿ ಮಂಡಲಾಧೀಶ್ವರ, ರಟ್ಟುಕವಚಧಾರಿ, ಬೀಜದ ಕಂಪನಿಯವರು ಪುಕ್ಕಟೆ ಕೊಟ್ಟ ಡೈರಿ ಮಹಾಪ್ರಭುಗಳ ದಿವ್ಯ ಪಾದಗಳಿಗೆ — ಪಾದ ಇಲ್ಲದಿದ್ದರೆ ಬೈಂಡಿಂಗಿಗೆ — ಗೊಬ್ಬರದಂಗಡಿಯ ಗಲ್ಲಾದ ಹಿಂದೆ ಕುಳಿತ ದಾನೇಶ್ವರಿಯ ಸಾಷ್ಟಾಂಗ ನಮಸ್ಕಾರ.

ಇಂದಿನ ವರದಿ. ಯೂರಿಯಾ ಕೇಳಿದವರಿಗೆಲ್ಲ ಕೊಟ್ಟೆ. ಒಬ್ಬರಿಗೆ ಮಾತ್ರ ಮುಖ ಗಂಭೀರ ಮಾಡಿಕೊಂಡು, "ಯೂರಿಯಾ ಊಟಕ್ಕ ಹೋಗೇತ್ರಿ, ಮೂರಕ್ಕ ಬರತೈತಿ" ಎಂದೆ. ಪಾಪ, ಕಟ್ಟೆಯ ಮೇಲೆ ಕುಳಿತು ಕಾದರು. ಅಪ್ಪ ಬಂದು ನನ್ನ ಕಿವಿ ಹಿಂಡಿದ.

ಕಿವಿ ಬಿಟ್ಟ ಮೇಲೆ ಸಂಧಾನ. ನನಗೆ ಕಂಪ್ಯೂಟರ್ ಬೇಕು. ರೆಡಿಮೇಡ್ ಬೇಡ, ಭಾಗಗಳನ್ನು ತಂದು ನಾನೇ ಜೋಡಿಸುತ್ತೇನೆ. ಉದ್ದೇಶ ಪವಿತ್ರ. ಆನಿಮೇಶನ್‌ನಲ್ಲಿ ಒಂದು ಎಮ್ಮೆ ಮಾಡಿದ್ದೇನೆ. ಕಾಲೇಜಿನ ಲ್ಯಾಬಿನಲ್ಲಿ ಅದು ಎರಡು ಹೆಜ್ಜೆ ಇಟ್ಟು ನಿಂತುಬಿಡುತ್ತದೆ. ಅದನ್ನು ನಡೆಸಬೇಕು.

"ಕೂಡಸಾಕ ಬರತೈತೇನ್ ನಿನಗ?" ಎಂದ ಅಪ್ಪ.

"ಬರತೈತಿ."

"ಹೋದ ವರ್ಷ ಮಿಕ್ಸರ್ ಬಿಚ್ಚಿದ್ದಿ. ಎರಡು ಸ್ಕ್ರೂ ಉಳದಿದ್ವು."

"ಮಿಕ್ಸರ್ ನಡ್ಯಾಕತ್ತೈತಿಲ್ಲ ಮತ್ತ?"

"ನಡ್ಯಾಕತ್ತೈತಿ. ಕಟ್ಟಿ ತುಂಬ ಕುಣಕೋತ ನಡ್ಯಾಕತ್ತೈತಿ."

ತೀರ್ಪು ಬಂತು. ಮಣ್ಣೆತ್ತಿನ ಅಮಾವಾಸ್ಯೆಯ ದಿನ ಎಲ್ಲರ ಮುಂದೆ ಚಾಲೂ ಆದರೆ ಅದು ನನ್ನ ಕೋಣೆಗೆ. ಆಗದಿದ್ದರೆ ಸ್ವಪ್ನಿಲಣ್ಣ — ದೊಡ್ಡವ್ವನ ಮಗ, ಹುಕ್ಕೇರಿಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ — ಬಂದು ಸರಿಮಾಡಿ ಇದೇ ಗಲ್ಲಾದ ಮೇಲೆ ಇಡುತ್ತಾನೆ. ಬಿಲ್ ಹೊಡೆಯಲು! ನನ್ನ ಎಮ್ಮೆ ನಡೆಯಬೇಕಾದ ಯಂತ್ರದಲ್ಲಿ ಡಿಎಪಿ ಚೀಲದ ಲೆಕ್ಕ. ಶಿವನೇ…

ಜೂನ್ 11. ಸಂಜೆ

ಪಡಸಾಲೆಯಲ್ಲಿ ಕುಳಿತು ಫೋನಿನಲ್ಲಿ ಸಂಬಂಧ ನೋಡುತ್ತಿದ್ದೇನೆ. ಪ್ರೊಸೆಸರ್ ವರ, ಮದರ್‌ಬೋರ್ಡ್ ವಧು. ಸಾಕೆಟ್ ಕೂಡಿಬರದಿದ್ದರೆ ಯಾವ ಮುಹೂರ್ತದಿಂದಲೂ ಉಪಯೋಗವಿಲ್ಲ. ಇಬ್ಬರದೂ ಕೂಡಿತು. ರ‍್ಯಾಮ್ ಅಡ್ಡ ಬಂತು. ಬೋರ್ಡ್ ಕೇಳುವುದು ಡಿಡಿಆರ್ ಫೈವ್, ನಾನು ಆರಿಸಿದ್ದು ಡಿಡಿಆರ್ ಫೋರ್. ಕಚ್ಚು ಬೇರೆ ಜಾಗದಲ್ಲಿ, ಒಳಗೆ ಕೂರುವುದೇ ಇಲ್ಲ. ಬೋರ್ಡನ್ನೇ ಬದಲಿಸಿದೆ. ಹೊಸ ಬೋರ್ಡಿಗೆ ಹಳೆಯ ವರ ಆಗಲಿಲ್ಲ. ಮತ್ತೆ ಮೊದಲಿನಿಂದ.

ಆಯಿ — ಅಪ್ಪನ ತಾಯಿ, ಬಾಳವ್ವ — ಬತ್ತಿ ಹೊಸೆಯುತ್ತ ನನ್ನ ಗೊಣಗಾಟವನ್ನೆಲ್ಲ ಕೇಳಿಸಿಕೊಂಡಳು.

"ಹುಡುಗ ಯಾರ ಪೈಕಿ?"

"ಪ್ರೊಸೆಸರ್ ಆಯಿ."

"ಎಷ್ಟ ಎಕರೆ ಐತಿ?"

"ಆರು ಕೋರ್."

"ನೀರಾವರಿ?"

ನೀರಾವರಿ ಇಲ್ಲ, ಫ್ಯಾನ್ ಇದೆ ಎಂದೆ. ಆಯಿಗೆ ಸಂಬಂಧ ಮನಸ್ಸಿಗೆ ಬರಲಿಲ್ಲ.

ಜೂನ್ 15. ಹುಕ್ಕೇರಿಗೆ ಹೋಗಿ ಬಂದು

ಸ್ವಪ್ನಿಲಣ್ಣನ ಹಳೆಯ ಗ್ರಾಫಿಕ್ಸ್ ಕಾರ್ಡ್ ಕೊಂಡೆ. ಎಮ್ಮೆಗೆ ಬೇಕು. ಕಾರ್ಡ್ ಕೊಟ್ಟ, ಜೊತೆಗೆ ಉಪದೇಶ ಪುಕ್ಕಟೆ.

"ತಂಗೀ, ಇದು ಗೊಬ್ಬರ ಅಲ್ಲ, ಚೀಲ ಹರದ ಸುರಿಯಾಕ."

"ಅದಕ್ಕ ನಿನ್ನ ಕೈಯಾಗ ಕೊಟ್ಟಿಲ್ಲ ಅಣ್ಣಾ."

ಜಗಳ ಹತ್ತಿದ್ದು ಎಸ್‌ಎಂಪಿಎಸ್ ಮೇಲೆ. ಎಲ್ಲ ಭಾಗಗಳಿಗೂ ಕರೆಂಟು ಹಂಚುವ ಡಬ್ಬಿ ಅದು. ಕ್ಯಾಬಿನೆಟ್ ಜೊತೆ ಪುಕ್ಕಟೆ ಬರುತ್ತದೆ, ಅದೇ ಸಾಕು ಎಂದು ಅವನ ವಾದ. ಈ ಕಾರ್ಡಿಗೆ ಎಂಟು ಪಿನ್ನಿನ ಬೇರೆಯೇ ವೈರ್ ಬೇಕು, ಪುಕ್ಕಟೆಯದರಲ್ಲಿ ಅದು ಇರುವುದಿಲ್ಲ.

"ಜೋಡಣಿ ವೈರ್ ಹಾಕಿ ಎಳದರಾತು."

"ಎಳದ್ರ ಹೊಗಿ ಬರತೈತಿ. ನನಗ ಐನೂರೈವತ್ತು ವ್ಯಾಟಿಂದ, ಚಲೋದು ಬೇಕು."

ಪ್ರೊಸೆಸರ್, ಕಾರ್ಡ್, ಚಿಲ್ಲರೆ ಎಲ್ಲ ಸೇರಿ ಎಳೆಯುವುದು ಮುನ್ನೂರು ವ್ಯಾಟಿನ ಒಳಗೆ ಎಂದೂ, ಕಾರ್ಡ್ ಒಮ್ಮೊಮ್ಮೆ ತಟ್ಟನೆ ಹೆಚ್ಚು ಎಳೆಯುವುದರಿಂದ ಕೈಯಲ್ಲಿ ಅಷ್ಟು ಉಳಿದಿರಬೇಕೆಂದೂ ಅವನ ಅಂಗಡಿಯಲ್ಲೇ, ಅವನ ಗಿರಾಕಿಗಳ ಮುಂದೆಯೇ ಭಾಷಣ ಮಾಡಿದೆ. ಅವನ ಮುಖ ಬಾಡಿದ ಬದನೆ.

"ಅಮಾಸಿಗಿ ಬರ್ತೇನಿ. ಸ್ಕ್ರೂಡ್ರೈವರ್ ತಗೊಂಡ ಬರ್ತೇನಿ."

ಬಾ ಅಣ್ಣಾ. ಹೋಳಿಗೆ ತಿನ್ನಲು ಸ್ಕ್ರೂಡ್ರೈವರ್ ಬೇಕಾಗುವುದಿಲ್ಲ.

ಜೂನ್ 19. ಗೋಕಾಕ

ಅಪ್ಪನೂ ಬಂದ. ಕಂಪ್ಯೂಟರ್ ಅಂಗಡಿಯ ಅಣ್ಣಪ್ಪ ಒಳ್ಳೆಯ ಮನುಷ್ಯ. ಪುಕ್ಕಟೆ ಡಬ್ಬಿಯನ್ನೂ ನನ್ನ ಡಬ್ಬಿಯನ್ನೂ ಅಪ್ಪನ ಎರಡು ಕೈಗೆ ಒಂದೊಂದು ಕೊಟ್ಟೆ. ದಿನವಿಡೀ ಚೀಲ ಎತ್ತಿ ತೂಕ ಹೇಳುವ ಕೈ ಅದು.

"ಇದು ಚುರಮುರಿ ಚೀಲ," ಎಂದ ಪುಕ್ಕಟೆಯದಕ್ಕೆ. ಇನ್ನೊಂದನ್ನು ಎರಡು ಸಲ ಎತ್ತಿ ಇಳಿಸಿದ. ಆಮೇಲೆ ಅನುಮಾನ ಬಂತು. "ಐನೂರೈವತ್ತು ಅಂದ್ರ ಕರೆಂಟ್ ಬಿಲ್ ಭಾಳ ಬರತೈತೇನ್ರಿ?"

ಅಣ್ಣಪ್ಪ ಬಾಯಿ ತೆರೆಯುವ ಮೊದಲೇ ನಾನು. "ಅಪ್ಪಾ, ನಮ್ಮ ಟ್ರ್ಯಾಕ್ಟರ್ ಖಾಲಿ ಟ್ರೇಲರ್ ಎಳದ್ರ ಕಬ್ಬಿನ ಲೋಡ್ ಎಳದಷ್ಟ ಡೀಸೆಲ್ ಕುಡಿತೈತೇನ್?"

"ಹೆಂಗ ಕುಡಿತೈತಿ?"

"ಇದೂ ಹಂಗ. ಬೇಕಾದಷ್ಟ ಎಳಕೊಂತೈತಿ. ಉಳದದ್ದು ತಾಕತ್ತು."

ಅಣ್ಣಪ್ಪ ನಕ್ಕರು. "ಸಾಹುಕಾರ್ರ, ನಿಮ್ಮ ಮಗಳನ್ನ ನಮ್ಮ ಅಂಗಡ್ಯಾಗ ಕುಂಡರಸ್ರಿ."

"ಬ್ಯಾಡ್ರಿ. ಇದ್ದ ಗಿರಾಕಿನೂ ಓಡಿಸ್ತಾಳ."

ಆದರೂ ಕೊಡಿಸಿದ. ಬಸ್ಸಿನಲ್ಲಿ ಕ್ಯಾಬಿನೆಟ್ಟಿಗೆ ಕಿಟಕಿ ಸೀಟು. ಅಪ್ಪ ಮೂಡಲಗಿಯವರೆಗೂ ನಿಂತೇ ಬಂದ.

ಜೂನ್ 24. ಸಂಜೆ

ಕೂಡಿಸಿ ಮುಗಿಯಿತು. ಒಂದೂ ಸ್ಕ್ರೂ ಉಳಿಯಲಿಲ್ಲ. ಒಂದು ಕಡಿಮೆಯೇ ಬಿತ್ತು, ಮಿಕ್ಸರಿನದು ಹಾಕಿದೆ.

ಒಮ್ಮೆ ಚಾಲೂ ಮಾಡಿ ನೋಡಬೇಕೆಂದರೆ ಆಯಿಯ ಕಟ್ಟಪ್ಪಣೆ: ಪೂಜೆಯಾಗದ ಯಂತ್ರದ ಬಟನ್ ಮುಟ್ಟಬಾರದು. ಕಾವಲಿಗೆ ಅದರ ಬಾಜೂಕೇ ಚಾಪೆ ಹಾಸಿಕೊಂಡಿದ್ದಾಳೆ.

ಜೂನ್ 25. ಅಮಾವಾಸ್ಯೆ, ಮಧ್ಯಾಹ್ನ

ಬರೆಯಲು ಕೈ ಬರುತ್ತಿಲ್ಲ. ಆದರೂ.

ಆಯಿ ಪೆಟ್ಟಿಗೆಗೆ ಮೂರು ಬೆರಳ ವಿಭೂತಿ ಹಚ್ಚಿದಳು. ನೆತ್ತಿಯ ಮೇಲೆ ಮಣ್ಣಿನ ಜೋಡೆತ್ತು ಕೂರಿಸಿದಳು. ಊದಿನಕಡ್ಡಿ, ಕಾಯಿ, ಹೋಳಿಗೆ. ನಾನು ಬಟನ್ ಒತ್ತಿದೆ. ಫ್ಯಾನ್ ತಿರುಗಿತು, ಒಳಗೆ ಕೆಂಪು ದೀಪ ಹತ್ತಿತು. ಪರದೆ ಮಾತ್ರ ಕಪ್ಪು. ಮತ್ತೆ ಒತ್ತಿದೆ. ಕಪ್ಪು. ಎಮ್ಮೆಗಿಂತ ಕಪ್ಪು.

"ಕಾಕಾ, ಎಸ್‌ಎಂಪಿಎಸ್ ಹೋಗೇತಿ," ಎಂದ ಸ್ವಪ್ನಿಲಣ್ಣ. ಸ್ಕ್ರೂಡ್ರೈವರ್ ಆಗಲೇ ಕೈಯಲ್ಲಿ. "ಬಿಚ್ಚತೇನಿ. ಸಂಜಿಮಟ ಗಲ್ಲಾದ ಮ್ಯಾಲ ಇರತೈತಿ."

ಅಪ್ಪ ನನ್ನ ಕಡೆ ನೋಡಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಆಗ ಆಯಿ. "ಏ ತಮ್ಮಾ, ಕೈ ತಗಿ! ಇವತ್ತ ಎತ್ತಿನ ಹೆಗಲಿಗೇ ನೊಗಾ ಇಡಂಗಿಲ್ಲ, ಇದನ್ಯಾಕ ದುಡಸ್ತೀರಿ?"

"ಆಯೀ, ಇದು ಎತ್ತಲ್ಲ, ಕಂಪ್ಯೂಟರ್."

"ಅದರ ನೆತ್ತಿ ಮ್ಯಾಲ ಬಸವಣ್ಣ ಕುಂತಾನಿಲ್ಲೊ? ಪೂಜಿ ದಿನ ಬಟನ್ ಒತ್ತಿದ್ದ ತಪ್ಪು. ಅದಕ್ಕ ತಿಳೀತು, ಸುಮ್ಮನ ನಿಂತತಿ. ನಿಮಗ ತಿಳೀಲಿಲ್ಲ. ನಾಳಿ ಮುಂಜಾನಿ ಹೂಡ್ರಿ. ಅಲ್ಲೀಮಟ ಯಾರೂ ಬಿಚ್ಚಂಗಿಲ್ಲ."

ತನ್ನ ಅವ್ವನ ಮಾತು ಮೀರುವ ಧೈರ್ಯ ಅಪ್ಪನಿಗೆ ಈ ಐವತ್ತು ವರ್ಷದಲ್ಲಿ ಬಂದಿಲ್ಲ. "ನಾಳಿ ಮುಂಜಾನಿ. ಅದ ಕಡೀದು," ಎಂದ.

ಸ್ವಪ್ನಿಲಣ್ಣ ಊರಿಗೆ ಹೋಗದೆ ಉಳಿದ. ಹೋಳಿಗೆಯನ್ನೂ ನನ್ನ ಯಂತ್ರವನ್ನೂ ಒಂದೇ ಕಣ್ಣಿನಿಂದ ನೋಡುತ್ತಿದ್ದಾನೆ.

ಜೂನ್ 26. ರಾತ್ರಿ

ಹತ್ತಿತು!!! ಮುಂಜಾನೆ ಆಯಿ ಎತ್ತುಗಳನ್ನು ಇಳಿಸಿದಳು, ನಾನು ಒತ್ತಿದೆ, ಪರದೆ ಬೆಳಗಿತು. ಸ್ವಪ್ನಿಲಣ್ಣನ ಕೈಯ ಚಹಾ ತಣ್ಣಗಾಯಿತು. ಅಪ್ಪ ಆಯಿಯ ಕಾಲು ಮುಟ್ಟಿದ, ಆಮೇಲೆ ಮಾನಿಟರನ್ನು ತಾನೇ ಹೊತ್ತು ನನ್ನ ಕೋಣೆಯಲ್ಲಿ ಇಟ್ಟ. ಸಂಜೆಯ ಹೊತ್ತಿಗೆ ಎಮ್ಮೆಯೂ ನಡೆಯಿತು — ಪರದೆಯ ಈ ತುದಿಯಿಂದ ಆ ತುದಿಗೆ, ಬಾಲ ಬೀಸುತ್ತ.

"ಹಿಂದಿನ ಕಾಲು ಕುಂಟತೈತಿ. ಡಾಕ್ಟರಗ ತೋರಸ," ಎಂದಳು ಆಯಿ.

ಜುಲೈ 6. ಅಂಗಡಿ

ಮಹಾಪ್ರಭುಗಳೇ, ಕೀರ್ತಿ ತಡೆಯಲಾಗುತ್ತಿಲ್ಲ. ಕಂಪ್ಯೂಟರಿಗೂ ಅಮಾವಾಸ್ಯೆ ತಿಳಿಯುತ್ತದೆ ಎಂದು ಅಪ್ಪ ಪ್ರತಿ ಗಿರಾಕಿಗೂ ಹೇಳುತ್ತಾನೆ. ಈಗಷ್ಟೇ ಸ್ವಪ್ನಿಲಣ್ಣನ ಫೋನು. ಕಣಗಲಾ ಊರಿನ ಗಿರಾಕಿಯೊಬ್ಬರ ಕಂಪ್ಯೂಟರ್ ಏನು ಮಾಡಿದರೂ ಹತ್ತುತ್ತಿಲ್ಲವಂತೆ. ದನಿ ಬಹಳ ಸಣ್ಣದಾಗಿತ್ತು.

"ದಾನೂ… ಆಯಿ ಅವತ್ತ ಏನೇನ್ ಮಾಡಿದ್ಲು, ಸ್ವಲ್ಪ ಹೇಳ."

ಪೂರ್ವಕ್ಕೆ ಮುಖ ಮಾಡಿಸಿ ಮಣ್ಣೆತ್ತು ಇಡು, ಒಂದು ದಿನ ಮುಟ್ಟಬೇಡ ಎಂದೆ. ನಾನು ನಗಲಿಲ್ಲ. ಇದು ನನ್ನ ಜೀವನದ ಅತಿ ದೊಡ್ಡ ಸಾಧನೆ.

"ಜೋಡೀನ ಬೇಕೇನ, ಒಂದ ಎತ್ತ ನಡಿತೈತಿ?"

ಈಗ ತಮ್ಮಲ್ಲಿ ಮಾತ್ರ ಒಂದು ಅರಿಕೆ. ಅಮಾವಾಸ್ಯೆಯ ಸಂಜೆ ಎಲ್ಲರೂ ಊಟಕ್ಕೆ ಕುಳಿತಾಗ ಎತ್ತುಗಳನ್ನು ಇಳಿಸಿ, ಪೆಟ್ಟಿಗೆಯ ಬದಿ ತೆಗೆದು ನೋಡಿದೆ. ಹುಕ್ಕೇರಿಯಿಂದ ಗೋಕಾಕದವರೆಗೆ ಐನೂರೈವತ್ತು ವ್ಯಾಟಿನ ಭಾಷಣ ಬಿಗಿದವಳು, ಪ್ರೊಸೆಸರಿಗೆ ಕರೆಂಟು ಕೊಡುವ ವೈರನ್ನೇ ಚುಚ್ಚಿರಲಿಲ್ಲ. ಬೋರ್ಡಿನ ಹಿಂದೆ ಆರಾಮಾಗಿ ಜೋತಾಡುತ್ತಿತ್ತು. ಚುಚ್ಚಿದೆ. ಮುಚ್ಚಿದೆ. ಎತ್ತುಗಳನ್ನು ಇದ್ದ ಹಾಗೆಯೇ ಇಡಲು ಹೋದೆ, ಒಂದರ ಕೊಂಬು ಮುರಿಯಿತು. ಅದು ಸ್ವಪ್ನಿಲಣ್ಣನ ಸ್ಕ್ರೂಡ್ರೈವರ್ ತಗಲಿ ಮುರಿದದ್ದೆಂದು ಆಯಿಗೆ ಯಾರೋ ಹೇಳಿದ್ದಾರೆ. ಯಾರೆಂದರೆ—