ಅತ್ತೆ ಒತ್ತಿದ ಹೂಗಳು

ಮಂಗಳವಾರ, ಮಾರ್ಚ್ ೧೧

ಅತ್ತೆಯ ಮುಖ ಕಣ್ಣ ಮುಂದಿನಿಂದ ಹೋಗುತ್ತಿಲ್ಲ.

ಶುಭಾಶಯ ಪತ್ರ ಮಾಡುವ ಈ ಕೆಲಸ ಕಲಿಸಿದವರೇ ಅವರು. ಅಚ್ಚಿಗೆ ಶಾಯಿ ಹಚ್ಚಿ ಅವರು ಕಾಗದದ ಮೇಲೆ ಹೂ ಒತ್ತುತ್ತಾರೆ. ಅದರ ಮೇಲೆ ಹೂವಿನಾಕಾರದ, ಹರಿತ ಅಂಚಿನ ಲೋಹದ ಡೈ ಕೂರಿಸಿ, ಯಂತ್ರದ ಹಿಡಿ ತಿರುಗಿಸಿ ನಾನು ಕತ್ತರಿಸಿ, ಪತ್ರಕ್ಕೆ ಅಂಟಿಸುತ್ತೇನೆ. ಈಚೆಗೆ ಅವರ ಕೈ ನಡುಗಿ ಎಸಳುಗಳು ಎರಡೆರಡಾಗಿ ಮೂಡುತ್ತಿದ್ದವು. ಅವರು ಮಲಗಿದ ಮೇಲೆ ನಾನೇ ಬೇರೆ ಒತ್ತಿ, ಅವರದನ್ನು ರದ್ದಿ ಚೀಲದ ತಳಕ್ಕೆ ತುರುಕುತ್ತಿದ್ದೆ. ಬೆಳಿಗ್ಗೆ, "ಚೆನ್ನಾಗಿ ಬಂದಿದೆ ಅತ್ತೆ" ಎನ್ನುತ್ತಿದ್ದೆ.

ಇವತ್ತು ನಾನು ಸ್ನಾನಕ್ಕೆ ಹೋಗಿದ್ದಾಗ ರದ್ದಿಯವನು ಬಂದ. ಅತ್ತೆ ಚೀಲ ಎತ್ತಿದರು, ಅದು ಹರಿಯಿತು. ನಾನು ಬರುವಷ್ಟರಲ್ಲಿ ಮೇಜಿನ ತುಂಬ ಅವರ ಗುಲಾಬಿಗಳು, ಸೇವಂತಿಗೆಗಳು.

"ಎಷ್ಟು ದಿನದಿಂದ ಹೀಗೆ?"

"ನಿಮಗೆ ಬೇಜಾರಾಗುತ್ತೆ ಅಂತ..." ಎಂದೆ.

"ಕೈ ಮಾತು ಕೇಳ್ತಿಲ್ಲ ಅಂತ ನನಗೂ ಗೊತ್ತಿತ್ತು ಕಣೇ. ನೀನು ಚೆನ್ನಾಗಿದೆ ಅಂದಾಗೆಲ್ಲ, ಇನ್ನೂ ಸ್ವಲ್ಪ ದಿನ ಮಾಡಬಹುದೇನೋ ಅಂದ್ಕೊಂಡೆ."

ಗದರಿದ್ದರೆ ಎಷ್ಟೋ ವಾಸಿಯಿತ್ತು. ಅಚ್ಚುಗಳನ್ನೆಲ್ಲ ತೊಳೆದು, ಒರೆಸಿ, ನನ್ನ ಕಡೆ ಸರಿಸಿ ಕೋಣೆಗೆ ಹೋದರು. ಮಧ್ಯಾಹ್ನ ಊಟಕ್ಕೂ ಏಳಲಿಲ್ಲ. ಸಂಜೆ ಬಾಗಿಲಲ್ಲಿ ನಿಂತು, "ಅಂಟು ಹಚ್ಚೋದಕ್ಕಾದ್ರೂ ಬನ್ನಿ ಅತ್ತೆ" ಎಂದು ಕರೆದೆ.

"ಆಮೇಲೆ ಅದನ್ನೂ ನೀನು ಕಿತ್ತು ಹಚ್ಚಬೇಕಲ್ಲ" ಎಂದರು.

ಆ ದನಿಯಲ್ಲಿ ಸಿಟ್ಟಿರಲಿಲ್ಲ, ಕೊಂಕೂ ಇರಲಿಲ್ಲ. ನನ್ನ ಕೆಲಸ ಹೆಚ್ಚಾಗುತ್ತದೆ ಎಂಬ ಚಿಂತೆಯಷ್ಟೇ ಇತ್ತು. ಅದಕ್ಕೇ ನನಗೆ ಇನ್ನೂ ಹೆಚ್ಚು ನೋವಾಯಿತು.