ಲೋಸಾ ಸುತ್ತಿಕೊಂಡ ಚಾಪೆ

ನೆಯಾಫು
ಜನವರಿ ೨೩

ಪ್ರೀತಿಯ ಸಲೇಸಿ,

ಹೇಗಿದ್ದೀಯ? ಕ್ರಿಸ್‌ಮಸ್ಸಿಗೇ ಬರೆಯಬೇಕಿತ್ತು, ಬೇಸರಿಸಬೇಡ. ಎರಡು ಸಲ ಬರೆದು ಹರಿದು ಹಾಕಿದೆ. ನಿನ್ನ ಚಿಕ್ಕಪ್ಪನ ಮಗ ಪೆನಿ ನಾಡಿದ್ದು ಆಸ್ಟ್ರೇಲಿಯಾಕ್ಕೆ, ನೀನು ಹಣ್ಣು ಕೀಳುವ ತೋಟಕ್ಕೇ ಹೊರಟಿದ್ದಾನೆ. ಈ ಕಾಗದವನ್ನು ನಿನ್ನ ಕೈಗೇ ಕೊಡುತ್ತೇನೆಂದು ಮಾತು ಕೊಟ್ಟಿದ್ದಾನೆ.

ನಿನ್ನ ಅಮ್ಮನ ಮಂಡಿನೋವು ಹಾಗೇ ಇದೆ. ದೀವಿಹಲಸು ಈ ಸಲ ಕೊಂಬೆ ಮುರಿಯುವಷ್ಟು ಬಿಟ್ಟಿದೆ.

ನಮ್ಮ ಲೋಸಾಳನ್ನು ಈ ಜನವರಿಯ ಬೇಸಿಗೆ ರಜೆಯಲ್ಲಿ ಆಚೆ ದ್ವೀಪದ ಶಿಬಿರಕ್ಕೆ ಕಳಿಸಿದ್ದೆ, ಹತ್ತು ದಿನ. ಎಂಟು ವರ್ಷದ ಹುಡುಗಿ ಈಜು ಕಲಿತಳು, ದೋಣಿಗೆ ಹುಟ್ಟು ಹಾಕುವುದನ್ನು ಕಲಿತಳು. ಕೊನೆಯ ದಿನ ಮಕ್ಕಳು ಒಬ್ಬೊಬ್ಬರಾಗಿ ಕಟ್ಟೆಯಿಂದ ಸಮುದ್ರಕ್ಕೆ ಹಾರಬೇಕು, ಕೆಳಗೆ ನೀರಿನಲ್ಲಿ ಅಪ್ಪ ನಿಂತು ಹಿಡಿಯಬೇಕು. ನನಗೆ ಈಜು ಬಾರದೆಂದು ನಿನಗೆ ಗೊತ್ತಲ್ಲ. ಆದರೂ ಕೆಸುವಿನೆಲೆಯಲ್ಲಿ ಮಾಂಸ ಸುತ್ತಿ ಬೇಯಿಸಿ, ಕಟ್ಟಿಕೊಂಡು ಹೋದೆ.

ದೋಣಿ ಇಳಿದ ಕೂಡಲೇ ಹೆಂಗಸರು ಓಡಿಬಂದು ತಬ್ಬಿಕೊಂಡು ಅಳತೊಡಗಿದರು. ಶಿಬಿರದ ಟೀಚರ್ ವಿಕಾ ಕೈ ಹಿಡಿದು, "ಸಮಾಧಾನ ಮಾಡ್ಕೊ ಲಾವಿನಿಯಾ. ಇಷ್ಟು ದೊಡ್ಡ ಸುದ್ದೀನ ಮಗು ಬಾಯಲ್ಲಿ ಕೇಳೋ ಹಾಗಾಯ್ತಲ್ಲಮ್ಮ!" ಎಂದಳು. ನನಗೆ ತಲೆಬುಡ ತಿಳಿಯಲಿಲ್ಲ. ಅಷ್ಟರಲ್ಲಿ ಲೋಸಾ ಕಂಡಳು. ಸಾವಾದ ಮನೆಯವರ ಹಾಗೆ ಸೊಂಟಕ್ಕೆ ಹರಕು ಚಾಪೆ ಸುತ್ತಿಕೊಂಡಿದ್ದಳು. ಯಾರೋ ಬಿಸಾಕಿದ್ದ ದೊಡ್ಡವರ ಚಾಪೆ, ನೆಲ ಗುಡಿಸುತ್ತಿತ್ತು.

ಪಕ್ಕಕ್ಕೆ ಎಳೆದು ಕೇಳಿದೆ, "ಏನೇ ಇದು?"

"ಅಪ್ಪ ತೀರ್ಕೊಂಡ್ರು ಅಂತ ಹೇಳ್ಬಿಟ್ಟೆ."

"ಬಿಡ್ತು ಅನ್ನು! ಹಲ್ಲು ಉದುರಿಸ್ಬಿಡ್ತೀನಿ!"

"ಬದುಕಿರೋ ಅಪ್ಪ ಬರ್ಲಿಲ್ಲ ಅಂದ್ರೆ ಎಲ್ರೂ ನಗ್ತಾರಮ್ಮ. ಸತ್ತೋಗಿರೋ ಅಪ್ಪ ಬರ್ಲಿಲ್ಲ ಅಂದ್ರೆ ಯಾರೂ ನಗಲ್ಲ."

ಎತ್ತಿದ ಕೈ ಹಾಗೇ ನಿಂತಿತು. ಸಲೇಸಿ, ನಾನು ಅವರಿಗೆ ನಿಜ ಹೇಳಲಿಲ್ಲ. ವಿಕಾಳ ಹೆಗಲಿಗೆ ತಲೆಯಿಟ್ಟು ಗೋಳೋ ಎಂದು ಅತ್ತೆ. ನೀನು ಹೋದಾಗಿನಿಂದ ನಾಲ್ಕು ವರ್ಷ ಕಟ್ಟಿಟ್ಟ ಅಳು ಅದು, ದೇವರಾಣೆ ನಟನೆಯಲ್ಲ.

ಲೋಸಾಳ ಸರದಿ ಬಂದಾಗ ಅಪ್ಪನ ಬದಲು ಆ ದ್ವೀಪದ ಪಾದ್ರಿಯೇ ನೀರಿಗಿಳಿದರು. ಅವಳು ಹಾರಲಿಲ್ಲ. ಉಳಿದ ಮಕ್ಕಳು ಊಟಕ್ಕೆ ಕೂತರೂ ಕಟ್ಟೆಯ ತುದಿ ಬಿಡಲಿಲ್ಲ. ಕೊನೆಗೆ ನಾನೇ ಬಟ್ಟೆ ಸಮೇತ ಇಳಿದೆ, ಕತ್ತಿನವರೆಗೂ. "ಮುಳುಗ್ತೀಯಮ್ಮ, ಹತ್ತು ಮೇಲೆ!" ಎಂದು ಕಿರುಚಿಕೊಂಡು ಹಾರಿದಳು. ನಾನು ಅವಳನ್ನು ಹಿಡಿಯಲಿಲ್ಲ, ಅವಳೇ ನನ್ನನ್ನು ದಡಕ್ಕೆ ಎಳೆದಳು.

ಭಾನುವಾರ ಆ ದ್ವೀಪದ ಚರ್ಚಿನಲ್ಲಿ ನಿನ್ನ ಹೆಸರಿನಲ್ಲಿ ಪ್ರಾರ್ಥನೆಯಂತೆ. ಸುದ್ದಿ ನಮ್ಮೂರಿಗೆ ಮುಟ್ಟಲು ಎಷ್ಟು ಹೊತ್ತು? ನಿನ್ನ ಅಮ್ಮನಿಗೆ ಏನು ಹೇಳಲಿ? ಒಮ್ಮೆ ಬಾ, ಸಲೇಸಿ. ಒಂದು ದಿನಕ್ಕಾದರೂ ಬಂದು ಲೋಸಾಳ ಎದುರು ನಿಲ್ಲು. ಕಾಲು ಹಿಡಿಯುತ್ತೇನೆ.

ಎಲ್ಲಿದ್ದರೂ ದೇವರು ನಿನ್ನನ್ನು ತಣ್ಣಗಿಟ್ಟಿರಲಿ.

ನಿನ್ನ
ಲಾವಿನಿಯಾ

ಲಕೋಟೆ ಅಂಟಿಸುವ ಮುಂಚೆ: ಮೇಲಿನದೆಲ್ಲ ನಿನ್ನೆ ಬರೆದದ್ದು. ಇವತ್ತು ಬೆಳಿಗ್ಗೆ ಜಡೆ ಹಾಕುತ್ತಿದ್ದಾಗ ಲೋಸಾ ಇನ್ನೊಂದು ಹೇಳಿದಳು. ಶಿಬಿರದ ಮೂರನೇ ದಿನ ವಿಕಾ ತನ್ನ ಫೋನಿನಿಂದ ಮಕ್ಕಳಿಗೆ ಮನೆಯವರ ಜೊತೆ ಮಾತಾಡಿಸಿದಳಂತೆ. ಇವಳು ನಿನಗೆ ಮಾಡಿದಳಂತೆ. ಎತ್ತಿದ್ದು ಒಂದು ಪುಟ್ಟ ಮಗು. "ಅಪ್ಪ ಸ್ನಾನಕ್ಕೋಗಿದಾರೆ. ನೀನ್ಯಾರು?" ಎಂದು ಕೇಳಿತಂತೆ.

"ನಾನು ಯಾರೂ ಅಲ್ಲ" ಎಂದು ಇಟ್ಟುಬಿಟ್ಟಳಂತೆ ನಿನ್ನ ಮಗಳು.